ತುಕ್ಕು, ಪುಟ್ಟಿ ಮತ್ತು ಹದಿನೇಳನೆಯ ಸೆಕ್ಷನ್
(ಬಿ.ಕಾಂ. ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬನಿಂದ)

"ಕಾಮರ್ಸಿನವರು ಯಾರೂ ಬರೆಯೋದೇ ಇಲ್ಲ, ನೀನಾದರೂ ಏನಾದರೂ ಬರೆದುಕೊಡು ಮಾರಾಯ" ಎಂದು ನಮ್ಮ ಕೂಟದ ಸಂಪಾದಕ ಮಿತ್ರರು ಗಂಟುಬಿದ್ದಾಗ ನಾನು ಬಹಳ ಯೋಚಿಸಿದೆ. ಕವಿತೆ ನನಗೆ ಬರುವುದಿಲ್ಲ. ಕಥೆ ಬರೆಯಲು ಬೇಕಾದ ಪ್ರೇಮ ಗೀಮದ ಅನುಭವವೂ ಇಲ್ಲ. ನನ್ನ ಹತ್ತಿರ ಇರುವುದೆಂದರೆ ಒಂದು ತುಕ್ಕು ಹಿಡಿದ ಕಾರು. ಅದೂ ನನ್ನದಲ್ಲ, ನಮ್ಮ ದೊಡ್ಡಪ್ಪನದು. ಒಂದು ವರ್ಷದಿಂದ ನನ್ನ ಭಾನುವಾರಗಳೆಲ್ಲ ಅದರ ಹೊಟ್ಟೆಯೊಳಗೇ ಕಳೆದಿವೆ. ಆದ್ದರಿಂದ ಅದರ ಕಥೆಯನ್ನೇ ಬರೆಯುತ್ತೇನೆ. ಕಾರಿನ ಜೊತೆಗೆ ನನ್ನ ಮಾನವೂ ಒಂದಿಷ್ಟು ಹೋಗುತ್ತದೆ, ಹೋಗಲಿ.

ನಾನು ಪಾಂಡವಪುರದ ಕಡೆಯ ಹಳ್ಳಿಯವನು. ಒಂದನೇ ತರಗತಿಯಿಂದ ಪಿಯುಸಿ ಮುಗಿಯುವವರೆಗೂ ಕನ್ನಡ ಮಾಧ್ಯಮ. ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವನ್ನೂ ಕನ್ನಡದಲ್ಲೇ ಓದಿ ಒಳ್ಳೆಯ ಅಂಕ ತೆಗೆದಿದ್ದೆ. 2024ರಲ್ಲಿ ದೊಡ್ಡಪ್ಪ "ದಿಲ್ಲೀಗೆ ಕಳ್ಸು, ಇಲ್ಲಿ ಓದ್ಲಿ" ಎಂದು ಅಪ್ಪನಿಗೆ ಹೇಳಿದ್ದೇ ತಡ, ನನ್ನನ್ನು ರೈಲು ಹತ್ತಿಸಿದರು. ದೊಡ್ಡಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ಸೇರಿ, ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ಮಯೂರ್ ವಿಹಾರ್ ಮೊದಲನೆಯ ಫೇಸಿನಲ್ಲಿ, ಉತ್ತರ ಗುರುವಾಯೂರಪ್ಪನ ಗುಡಿಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಅವರದೊಂದು ಡಿಡಿಎ ಫ್ಲಾಟು. ಕೆಳಗಿನ ಮನೆಯಾದ್ದರಿಂದ ಹಿಂದುಗಡೆ ಒಂದು ಚೂರು ಜಾಗವಿದೆ. ಅಲ್ಲಿ ತಗಡು ಹೊದಿಸಿ, ಒಂದು ಮೇಜು, ಒಂದು ವೈಸು, ಗೋಡೆಗೆ ಮೊಳೆ ಹೊಡೆದು ಸ್ಪ್ಯಾನರುಗಳನ್ನು ನೇತುಹಾಕಿ ಅದಕ್ಕೆ "ನನ್ ವರ್ಕ್‌ಶಾಪು" ಎನ್ನುತ್ತಾರೆ. ದೊಡ್ಡವ್ವ ಅದನ್ನು "ಗುಜರಿ ಅಂಗ್ಡಿ" ಎನ್ನುತ್ತಾರೆ. ನಾನು ಮೊದಲು ಬಂದಾಗ ದೊಡ್ಡವ್ವನ ಪಕ್ಷದಲ್ಲಿದ್ದೆ.

ಆ ತಗಡಿನ ಕೆಳಗೆ, ಟಾರ್ಪಾಲು ಹೊದ್ದು ನಿಂತಿತ್ತು ಕಾರು. ಪ್ರೀಮಿಯರ್ ಪದ್ಮಿನಿ. ಮನೆಯಲ್ಲಿ ಎಲ್ಲರೂ ಅದನ್ನು ಫಿಯಟ್ ಎಂದೇ ಕರೆಯುವುದು. ಕರೆಯುವುದರಲ್ಲಿ ತಪ್ಪೂ ಇಲ್ಲ. ಇಟಲಿಯ ಫಿಯಟ್ ಕಂಪನಿಯ 1100 ಕಾರನ್ನು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ತಯಾರಿಸುತ್ತಿದ್ದರು. ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ಅದಕ್ಕೆ ಚಿತ್ತೋಡದ ರಾಣಿ ಪದ್ಮಿನಿಯ ಹೆಸರಿಟ್ಟರು. 1089 ಸಿ.ಸಿ. ಇಂಜಿನ್ನು, ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಮುಂದುಗಡೆ ಬೆಂಚಿನಂಥ ಸೀಟು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳೆಂದರೆ ಇದೇ ಕಾರು. ಅಲ್ಲಿಯೂ 2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ಟ್ಯಾಕ್ಸಿಯ ಓಟ ಮುಗಿಯಿತು. ದೊಡ್ಡಪ್ಪನ ಕಾರು 1974ರಲ್ಲಿ ಮೊದಲು ನೋಂದಣಿಯಾದದ್ದು. ಅವರು ಅದನ್ನು ಕೊಂಡದ್ದು ಎಂಬತ್ತರ ದಶಕದಲ್ಲಿ, ಊರಿಗೆ ವಾಪಸು ಹೊರಟಿದ್ದ ಕನ್ನಡದ ಅಧಿಕಾರಿಯೊಬ್ಬರಿಂದ. ಅದರಲ್ಲೇ ಮಕ್ಕಳನ್ನು ಶಾಲೆಗೆ ಬಿಟ್ಟರು, ಅದರಲ್ಲೇ ಆಸ್ಪತ್ರೆಗೆ ಓಡಿದರು, ಅದರಲ್ಲೇ ಒಂದು ಸಲ ಪಾಂಡವಪುರದವರೆಗೂ ಬಂದಿದ್ದರಂತೆ. ಆಗ ನಾನು ಹುಟ್ಟಿರಲಿಲ್ಲ. ಅಪ್ಪ ಈಗಲೂ ಆ ಕಥೆ ಹೇಳುತ್ತಾರೆ.

ಆಮೇಲೆ ಕಾಲ ಕೆಟ್ಟಿತು. ದಿಲ್ಲಿಯ ಹೊಗೆ ನಿಮಗೆಲ್ಲ ಗೊತ್ತೇ ಇದೆ. ಹತ್ತು ವರ್ಷ ಮೀರಿದ ಡೀಸೆಲ್ ಗಾಡಿ, ಹದಿನೈದು ವರ್ಷ ಮೀರಿದ ಪೆಟ್ರೋಲ್ ಗಾಡಿ ರಸ್ತೆಗೆ ಬರಕೂಡದೆಂದು ಹಸಿರು ನ್ಯಾಯಮಂಡಳಿ ಆಜ್ಞೆ ಮಾಡಿತ್ತು. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಜಾರಿಗೆ ತರಲೇಬೇಕೆಂದಿತು. ಬೀದಿಯಲ್ಲಿ ನಿಲ್ಲಿಸಿದರೂ ಎತ್ತಿಕೊಂಡು ಹೋಗುತ್ತಾರೆಂಬ ಭಯ. ನಲವತ್ತನಾಲ್ಕು ವರ್ಷದ ಕಾರನ್ನು ಎಲ್ಲಿ ಬಚ್ಚಿಡುವುದು? ಪುಶ್ತಾ ರಸ್ತೆಯ ಆಚೆ, ಯಮುನೆಯ ಖಾದರದಲ್ಲಿ ಗಿಡ ಮಾರುವ ನರ್ಸರಿಗಳಿವೆಯಲ್ಲ, ಅಂಥದೊಂದರಲ್ಲಿ ತಿಂಗಳಿಗಿಷ್ಟು ಎಂದು ಕೊಟ್ಟು ದೊಡ್ಡಪ್ಪ ಅದನ್ನು ಮುಚ್ಚಿಟ್ಟರು. ಭಾನುವಾರ ಭಾನುವಾರ ಹೋಗಿ ಇಂಜಿನ್ ಚಾಲೂ ಮಾಡಿ, ಮಾತಾಡಿಸಿಕೊಂಡು ಬರುತ್ತಿದ್ದರಂತೆ.

2023ರ ಜುಲೈ ತಿಂಗಳಲ್ಲಿ ಯಮುನೆ ಉಕ್ಕಿತು. ಹಳೇ ರೈಲು ಸೇತುವೆಯ ಹತ್ತಿರ ನೀರಿನ ಮಟ್ಟ 208.66 ಮೀಟರು. ಅದಕ್ಕೆ ಮುಂಚಿನ ದಾಖಲೆ 1978ರ 207.49. ಖಾದರದಲ್ಲಿ ತರಕಾರಿ ಬೆಳೆಯುವವರೆಲ್ಲ ಮಕ್ಕಳು ಮರಿ, ಎಮ್ಮೆ, ಮಂಚ ಸಮೇತ ಮಯೂರ್ ವಿಹಾರದ ರಸ್ತೆ ಬದಿಗೆ ಬಂದು ಗುಡಾರ ಹಾಕಿದರು. ಅಂಥ ಹೊತ್ತಿನಲ್ಲಿ ಕಾರಿನ ಚಿಂತೆ ಮಾಡುವುದು ನಾಚಿಕೆಗೇಡು ಎಂದು ದೊಡ್ಡಪ್ಪ ಬಾಯಿ ಬಿಡಲಿಲ್ಲ. ನೀರು ಇಳಿದ ಮೇಲೆ ಹೋಗಿ ನೋಡಿದರೆ ಕಾರಿನ ಸೀಟಿನ ಮಟ್ಟದವರೆಗೆ ಕೆಸರು. ಟ್ರಾಕ್ಟರಿಗೆ ಹಗ್ಗ ಕಟ್ಟಿ ಮನೆಗೆ ಎಳೆಸಿಕೊಂಡು ಬಂದರು. ನಾನು ಬರುವ ಹೊತ್ತಿಗೆ ಅದು ತುಕ್ಕಿನ ಮುದ್ದೆ.

ಕಾಮರ್ಸಿನವನ ಕಣ್ಣಿಗೆ ಅದರ ಬೆಲೆ ಏನು? ಸವಕಳಿಯ ಪಾಠ ನೆನಪಿರುವವರು ಲೆಕ್ಕ ಹಾಕಿ ನೋಡಿ. ವ್ಯಾಪಾರಕ್ಕೆ ಬಳಸುವ ಮೋಟಾರು ಕಾರಿಗೆ ಆದಾಯ ತೆರಿಗೆಯಲ್ಲಿ ಸಾಮಾನ್ಯವಾಗಿ ಒಪ್ಪುವ ಸವಕಳಿ ದರ ನೂರಕ್ಕೆ 15. ಇಳಿಕೆ ಶೇಷ ಪದ್ಧತಿಯಲ್ಲಿ ಐವತ್ತು ವರ್ಷ ಕಳೆಯುತ್ತಾ ಹೋದರೆ ನೂರು ರೂಪಾಯಿಯಲ್ಲಿ ಉಳಿಯುವುದು ಮೂರು ಪೈಸೆ. ಇದನ್ನು ನಾನು ಜಾಣತನವೆಂದುಕೊಂಡು ದೊಡ್ಡಪ್ಪನಿಗೆ ಹೇಳಿದೆ. ಅವರು ನಕ್ಕು, "ಮೂರು ಪೈಸೆ ಉಳೀತಲ್ಲ, ಸೊನ್ನೆ ಆಗ್ಲಿಲ್ವಲ್ಲ? ಅಲ್ಲಿಂದ ಶುರು ಮಾಡಾನ ನಡಿ" ಎಂದರು.

ಅವರ ಆಸೆಗೆ ಒಂದು ಕಾರಣವೂ ಇತ್ತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೆಯ ಕಾರುಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ಕಾರು, ಸ್ಕೂಟರುಗಳನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಹೊಸದಾಗಿ ನೋಂದಣಿಗೆ 20,000 ರೂಪಾಯಿ. ನಂಬರಿನ ಮಧ್ಯೆ 'ವಿ ಎ' ಎಂಬ ಅಕ್ಷರಗಳು. ದಿನಾ ಆಫೀಸಿಗೆ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಹಾಕಿಸುವುದು ಇಂಥದಕ್ಕೆ ಮಾತ್ರ ಹೊರಗೆ ತರಬಹುದು. ಆದರೆ ಒಂದು ಷರತ್ತು: ಕಾರು ತನ್ನ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಇಂಜಿನ್ನುಗಳನ್ನು ಮಾರ್ಪಡಿಸಿರಬಾರದು. ನಮ್ಮ ಫಿಯಟ್ಟಿಗೆ 2024ಕ್ಕೆ ಐವತ್ತು ತುಂಬಿತು. "ಒಂದು ಸಲ ನಿಮ್ಮ ದೊಡ್ಡವ್ವನ್ನ ಕೂರಿಸ್ಕೊಂಡು ಇಂಡಿಯಾ ಗೇಟ್ ಸುತ್ತ ಬರ್ಬೇಕು ಕಣ್ಲಾ, ಅಷ್ಟೆ" ಎನ್ನುತ್ತಿದ್ದರು. ಆ ವರ್ಷ ದೀಪಾವಳಿ ಕಳೆದ ಮೇಲೆ ಕೆಲಸ ಶುರುವಾಯಿತು.

ತುಕ್ಕು ತೆಗೆಯುವುದೆಂದರೆ ಬ್ರಷ್ ತಗೊಂಡು ಉಜ್ಜುವುದು ಎಂದು ನಾನು ತಿಳಿದಿದ್ದೆ. ಹಾಗಲ್ಲ. ಮೊದಲು ಬಿಚ್ಚಬೇಕು. ಸೀಟು, ಗಾಜು, ರಬ್ಬರು, ಪೆಟ್ರೋಲ್ ಟ್ಯಾಂಕು, ಬಾಗಿಲು, ಬಾನೆಟ್ಟು ಒಂದೊಂದಾಗಿ ಬಿಚ್ಚಿ, ಪ್ರತಿಯೊಂದು ಬೋಲ್ಟನ್ನೂ ಪೊಟ್ಟಣ ಕಟ್ಟಿ, ಮೇಲೆ ಹೆಸರು ಬರೆದಿಡಬೇಕು. ಹೆಸರು ಬರೆಯುವ ಕೆಲಸ ನನ್ನದು. ನಾನು ಕನ್ನಡದಲ್ಲೇ ಬರೆದೆ. ಬಿಚ್ಚಿದ ಮೇಲೆ ಒಂದು ಸುತ್ತಿಗೆಯಿಂದ ತಗಡನ್ನು ಮೆಲ್ಲಗೆ ತಟ್ಟುತ್ತ ಹೋಗುವುದು. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತದೆ. ಒಳಗೆ ತಿಂದುಹೋದ ಕಡೆ ಹಲಸಿನ ಹಣ್ಣು ತಟ್ಟಿದ ಹಾಗೆ ಬೊದ್ದ ಶಬ್ದ. ಇನ್ನೊಂದು ಪರೀಕ್ಷೆ ಅಯಸ್ಕಾಂತದ್ದು. ಹಿಂದೆ ಯಾವಾಗಲೋ ಪೆಟ್ಟು ಬಿದ್ದ ಜಾಗಕ್ಕೆ ಗ್ಯಾರೇಜಿನವರು ಪುಟ್ಟಿ ಮೆತ್ತಿ ಬಣ್ಣ ಬಳಿದಿರುತ್ತಾರೆ. ಕಣ್ಣಿಗೆ ಎಲ್ಲ ಒಂದೇ ಥರ. ಆದರೆ ಪುಟ್ಟಿ ದಪ್ಪಗಿದ್ದ ಕಡೆ ಅಯಸ್ಕಾಂತ ಕಚ್ಚುವುದಿಲ್ಲ, ಕೆಳಗೆ ಬೀಳುತ್ತದೆ.

ತುಕ್ಕಿನ ಸ್ವಭಾವವನ್ನು ಆಗ ಕಲಿತೆ. ಕಬ್ಬಿಣ, ನೀರು, ಗಾಳಿ ಮೂರೂ ಸೇರಿದರೆ ತುಕ್ಕು. ತಾನು ತಿಂದ ಕಬ್ಬಿಣಕ್ಕಿಂತ ತುಕ್ಕು ಹೆಚ್ಚು ಜಾಗ ಬೇಡುತ್ತದೆ. ಅದಕ್ಕೇ ಬಣ್ಣದ ಕೆಳಗೆ ಗುಳ್ಳೆ ಏಳುವುದು. ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಕೆಲಸ ಎಷ್ಟೋ ದಿನದಿಂದ ನಡೆದಿರುತ್ತದೆ. ಬಾಗಿಲ ಕೆಳಗೆ ಉದ್ದಕ್ಕೂ ಒಂದು ಪೊಳ್ಳು ತೊಲೆ ಇರುತ್ತದೆ, ಅದಕ್ಕೆ ಸಿಲ್ ಎನ್ನುತ್ತಾರೆ. ನೀರು ಇಳಿದುಹೋಗಲೆಂದು ಅದರ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಅವಕ್ಕೆ ಕೆಸರು ಕಟ್ಟಿದರೆ ನೀರು ಒಳಗೇ ನಿಂತು, ಒಳಗಿನಿಂದ ಹೊರಕ್ಕೆ ತಿನ್ನುತ್ತ ಬರುತ್ತದೆ. ಈ ಫಿಯಟ್ಟಿಗೆ ಲಾರಿಗಿರುವಂತೆ ಬೇರೆ ಚಾಸಿ ಇಲ್ಲ. ಬಾಡಿಯೇ ಅದರ ಎಲುಬು. ಸಿಲ್ ಹೋಯಿತೆಂದರೆ ಬೆನ್ನುಮೂಳೆ ಹೋದ ಹಾಗೆ. ನಮ್ಮದರಲ್ಲಿ ಎರಡು ಕಡೆಯ ಸಿಲ್ಲುಗಳೂ ಹೋಗಿದ್ದವು.

ದಿಲ್ಲಿಯಲ್ಲೇ ತುಕ್ಕು ಹಿಡಿಯದ ಕಂಬವೂ ಇದೆಯಲ್ಲ ಎಂದು ಒಂದು ಭಾನುವಾರ ಮೆಹ್ರೋಲಿಗೆ ಹೋಗಿ ಕುತುಬ್ ಮಿನಾರಿನ ಪಕ್ಕದ ಕಬ್ಬಿಣದ ಸ್ತಂಭ ನೋಡಿ ಬಂದೆ. ಏಳು ಮೀಟರಿಗೂ ಎತ್ತರ, ಆರು ಟನ್ನಿಗೂ ಹೆಚ್ಚು ತೂಕ, ಸುಮಾರು 1,600 ವರ್ಷ ಹಳೆಯದು. ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣ್ಯಂ ಎಂಬ ಲೋಹವಿಜ್ಞಾನಿ ಅದರ ಗುಟ್ಟನ್ನು ವಿವರಿಸಿದ್ದಾರೆ. ಹಿಂದಿನವರು ಇದ್ದಿಲಿನಲ್ಲಿ, ಸುಣ್ಣದ ಕಲ್ಲು ಹಾಕದೆ ಕಬ್ಬಿಣ ಕರಗಿಸಿದ್ದರಿಂದ ಅದರಲ್ಲಿ ರಂಜಕ ಹೆಚ್ಚು ಉಳಿಯಿತು. ಆ ರಂಜಕದ ದೆಸೆಯಿಂದ ಮೇಲೆ ತೆಳ್ಳನೆಯ ಪದರವೊಂದು ಕಟ್ಟಿ ಕಂಬವನ್ನು ಕಾಯುತ್ತಿದೆ. ಇದನ್ನು ಹೇಳಿದಾಗ ದೊಡ್ಡಪ್ಪ ಬಾಟಲಿಯೊಂದನ್ನು ತೋರಿಸಿದರು: ರಂಜಕಾಮ್ಲ, ಅಂದರೆ ಫಾಸ್ಫಾರಿಕ್ ಆಸಿಡ್. ಉಜ್ಜಿ ಉಳಿದ ತುಕ್ಕಿಗೆ ಅದನ್ನು ಬಳಿದರೆ ತುಕ್ಕು ಕಪ್ಪಾದ ಗಟ್ಟಿ ಪದರವಾಗುತ್ತದೆ. "ನಾವೂ ಅದೇ ಮಾಡ್ತಾ ಇರೋದು ಕಣ್ಲಾ, ಸ್ವಲ್ಪ ತಡವಾಗಿ" ಎಂದರು.

ನಾನು ಮಂಡ್ಯ ಜಿಲ್ಲೆಯವನೆಂಬುದೂ ಒಂದು ಸಲ ಉಪಯೋಗಕ್ಕೆ ಬಂತು. ಕೀಲು, ಹಿಡಿ, ಬ್ರಾಕೆಟ್ಟಿನಂಥ ಸಣ್ಣ ಸಾಮಾನುಗಳ ತುಕ್ಕನ್ನು ಕಾಕಂಬಿಯ ನೀರು ಬಿಡಿಸುತ್ತದಂತೆ. ಸಕ್ಕರೆ ಕಾರ್ಖಾನೆಯ ಕಾಕಂಬಿ ಇಲ್ಲೆಲ್ಲಿ ತರುವುದು? ಆದರೆ ಆಚೆ ಉತ್ತರ ಪ್ರದೇಶವೆಲ್ಲ ಕಬ್ಬಿನ ಸೀಮೆ. ದನಕ್ಕೆಂದು ಮಾರುವ ಕಪ್ಪಗಾದ ಹಳೇ ಬೆಲ್ಲ ಸಿಕ್ಕಿತು. ಡ್ರಮ್ಮಿನಲ್ಲಿ ನೀರು ಹಾಕಿ ಕದಡಿ ಸಾಮಾನು ಮುಳುಗಿಸಿಟ್ಟೆವು. ಚಳಿಗಾಲವಾದ್ದರಿಂದ ಮೂರು ವಾರ ಹಿಡಿಯಿತು. ಹುಳಿ ವಾಸನೆಗೆ ಮೇಲಿನ ಮನೆಯ ಬಂಗಾಳಿ ಅಮ್ಮ ಮೂಗು ಮುಚ್ಚಿಕೊಂಡು ಇಳಿದುಬಂದರು. ನನಗೋ ಆಲೆಮನೆಯ ನೆನಪಾಗಿ ಅಲ್ಲೇ ನಿಂತಿರೋಣ ಅನ್ನಿಸುತ್ತಿತ್ತು. ತೆಗೆದು ತೊಳೆದರೆ ಒಳಗಿಂದ ಬೂದುಬಣ್ಣದ ಹಸಿ ಕಬ್ಬಿಣ. ದೊಡ್ಡಪ್ಪ ಒಂದು ಕೀಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಬೆಸುಗೆಯ ಕೆಲಸಕ್ಕೆ ತ್ರಿಲೋಕಪುರಿಯಿಂದ ಒಬ್ಬ ಚಾಚಾ ಬರುತ್ತಿದ್ದರು. ನಮ್ಮ ಊರ ಕಡೆ ಇದಕ್ಕೆ ಟಿಂಕರಿಂಗ್ ಎನ್ನುತ್ತೇವೆ, ಇಲ್ಲಿ ಡೆಂಟಿಂಗ್. ಚಾಚಾನ ಕನ್ನಡಕಕ್ಕೆ ಒಂದು ಕಡೆ ಕಡ್ಡಿಯಿಲ್ಲ, ದಾರ. ಆದರೆ ಕೈ ಮಾತ್ರ ಅಕ್ಕಸಾಲಿಗನದು. ಸಿಲ್ ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಡ್ಡ ಕಬ್ಬಿಣದ ಪಟ್ಟಿ ಬಿಗಿದರು. ಇಲ್ಲದಿದ್ದರೆ ಬಾಡಿ ನಡುವೆ ಜಗ್ಗಿ, ಆಮೇಲೆ ಬಾಗಿಲು ಜನ್ಮದಲ್ಲಿ ಮುಚ್ಚಿಕೊಳ್ಳುವುದಿಲ್ಲವಂತೆ. ಕೊಳೆತದ್ದನ್ನು ಕತ್ತರಿಸಿ, ಇಪ್ಪತ್ತು ಗೇಜಿನ ಹೊಸ ಶೀಟನ್ನು, ಅಂದರೆ ಒಂದು ಮಿಲಿಮೀಟರಿಗೂ ಚೂರು ಕಡಿಮೆ ದಪ್ಪದ್ದನ್ನು, ಬಡಿದು ಬಗ್ಗಿಸಿ ಕೂರಿಸುವುದು. ಬೆಸುಗೆಯನ್ನು ಒಂದೇ ಸಮನೆ ಎಳೆಯಬಾರದು. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ನಡುನಡುವೆ ಒದ್ದೆ ಬಟ್ಟೆ. ಅವಸರ ಮಾಡಿದರೆ ಶೀಟು ಕಾದು ಹಪ್ಪಳದಂತೆ ಸುರುಳಿಕೊಳ್ಳುತ್ತದೆ. ದೊಡ್ಡಪ್ಪನದು ಒಂದೇ ಹಟ: ಗಟ್ಟಿ ಇರುವ ಹಳೇ ತಗಡನ್ನು ಒಂದಂಗುಲವೂ ಕತ್ತರಿಸಕೂಡದು, ಕೊಳೆತದ್ದನ್ನು ಒಂದಂಗುಲವೂ ಬಿಡಕೂಡದು. ಎಲ್ಲಿಯವರೆಗೆ ಕೊಳೆತಿದೆ ಎಂದು ಹೇಗೆ ತಿಳಿಯುವುದು ಎಂದು ಕೇಳಿದೆ. "ಹೊಳೆಯೋ ಕಬ್ಬಿಣ ಕಾಣೋವರ್ಗೂ ಉಜ್ಜು. ಕಾಣ್ನಿಲ್ವಾ, ಇನ್ನೂ ಉಜ್ಜು."

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ.

ಕಾಲೇಜಿನಲ್ಲಿ ಮೊದಲನೆಯ ಸೆಮಿಸ್ಟರಿಗೆ ನಮಗೆ ಬಿಸಿನೆಸ್ ಲಾ ಇತ್ತು. ಲೆಕ್ಕವಾದರೆ ಅಂಕಿಗಳಿಗೆ ಭಾಷೆಯ ಹಂಗಿಲ್ಲ, ಹೇಗೋ ನಡೆಯುತ್ತದೆ. ಕಾನೂನು ಪೂರ್ತಿ ಇಂಗ್ಲಿಷ್. ಮೇಷ್ಟ್ರು ಹೇಳುವುದರಲ್ಲಿ ಅರ್ಧ ಕೇಳಿಸುತ್ತಿರಲಿಲ್ಲ, ಕೇಳಿದ್ದರಲ್ಲಿ ಅರ್ಧ ಅರ್ಥವಾಗುತ್ತಿರಲಿಲ್ಲ. ಕೈ ಎತ್ತಿ ಕೇಳಿದರೆ ನನ್ನ ಇಂಗ್ಲಿಷಿಗೆ ಯಾರಾದರೂ ನಕ್ಕಾರು ಎಂಬ ಭಯ. ಕರಾರಿಗೆ 'ಕನ್ಸಿಡರೇಷನ್' ಇರಬೇಕು ಎಂದಿದ್ದರು. ನಿಘಂಟು ನೋಡಿದೆ, 'ಪರಿಗಣನೆ' ಎಂದಿತ್ತು. ಪರಿಗಣನೆ ಇಲ್ಲದಿದ್ದರೆ ಕರಾರು ಅಸಿಂಧು ಎಂದರೆ ಏನು ತಲೆ ಬುಡ? ಕೊನೆಗೆ ಗೈಡು ತಂದು ಅರ್ಥವಿಲ್ಲದೆ ಬಾಯಿಪಾಠ ಮಾಡಿದೆ. ಕ್ಲಾಸಿನಲ್ಲಿ ಎಲ್ಲದಕ್ಕೂ ತಲೆಯಾಡಿಸಿದೆ. ದೊಡ್ಡಪ್ಪ "ಹೆಂಗೈತೆ ಓದು?" ಎಂದಾಗಲೆಲ್ಲ "ಚೆನ್ನಾಗಿದೆ ದೊಡ್ಡಪ್ಪ" ಎಂದೆ.

2025ರ ಮಾರ್ಚಿನಲ್ಲಿ ಯುಗಾದಿಗೆಂದು ದೊಡ್ಡಪ್ಪ, ದೊಡ್ಡವ್ವ ಹತ್ತು ದಿನ ಊರಿಗೆ ಹೋದರು. ಹೋಗುವಾಗ ನನಗೊಂದು ಕೆಲಸ ವಹಿಸಿದ್ದರು. ಎಡಗಡೆಯ ಸಿಲ್ಲಿನ ಹಿಂದಿನ ತುದಿ, ಹಿಂದಿನ ಚಕ್ರದ ಹತ್ತಿರದ್ದು, ಗೇಣುದ್ದ ಬಾಕಿ ಇತ್ತು. ಅದನ್ನು ಕೆರೆದು, ಕೊಳೆತದ್ದನ್ನು ಕತ್ತರಿಸಿ, ಹೊಳೆಯುವ ಕಬ್ಬಿಣ ಕಾಣಿಸಿ ಇಡಬೇಕು, ಚಾಚಾ ಬಂದು ಬೆಸೆಯುತ್ತಾರೆ. ಅವರು ಹೋದ ಎರಡನೆಯ ದಿನ ರಿಸಲ್ಟು ಬಂತು. ಬಿಸಿನೆಸ್ ಲಾ ಬ್ಯಾಕ್.

ಫೇಲಾದವರಿಗೆ ಗೊತ್ತು, ಆ ದಿನಗಳು ಹೇಗೆ ಹೋಗುತ್ತವೆಂದು. ನಾನು ಅನ್ನ ಮಾಡಿಕೊಳ್ಳಲಿಲ್ಲ, ಬ್ರೆಡ್ಡು ತಿಂದೆ. ಸಿಲ್ ಮುಟ್ಟಲಿಲ್ಲ. ಅಪ್ಪ ಫೋನು ಮಾಡಿದರೆ ಎತ್ತಲಿಲ್ಲ. ಅವರು ಬರುವ ಹಿಂದಿನ ದಿನ ಎದ್ದು ಸಿಲ್ ನೋಡಿದರೆ, ಕೆರೆದಷ್ಟೂ ಪುಡಿ ಉದುರುತ್ತಿದೆ, ಮುಷ್ಟಿ ಹೋಗುವಷ್ಟು ತೂತು. ಒಂದೇ ದಿನದಲ್ಲಿ ಆಗುವ ಕೆಲಸವಲ್ಲ. ಮೇಜಿನ ಮೇಲೆ ಪುಟ್ಟಿಯ ಡಬ್ಬಿ ಇತ್ತು. ಹಳೇ ಪೇಪರನ್ನು ಮುದ್ದೆ ಮಾಡಿ ತೂತಿಗೆ ತುರುಕಿ, ಮೇಲೆ ಪುಟ್ಟಿ ಮೆತ್ತಿ, ಒಣಗಿಸಿ, ಎಮರಿ ಪೇಪರಿನಿಂದ ತಿಕ್ಕಿ, ರೆಡ್ ಆಕ್ಸೈಡ್ ಬಳಿದೆ. ಸುಳ್ಳು ಹೇಳಬಾರದು, ಬಹಳ ಚೆನ್ನಾಗಿ ಬಂದಿತ್ತು. ಬೆಸುಗೆಗೆ ಚಾಚಾ ಬಂದು ಹೋದರೆಂದೂ ಕಥೆ ಕಟ್ಟಿಕೊಂಡೆ.

ದೊಡ್ಡಪ್ಪ ಊರಿಂದ ಬಂದವರು ಕೈಕಾಲು ತೊಳೆಯುವ ಮೊದಲೇ ಹಿಂದುಗಡೆಗೆ ಹೋದರು. ಸಿಲ್ಲಿನ ಮೇಲೆ ಕೈಯಾಡಿಸಿ, "ಭಲೇ ಮಗನೆ! ಚಾಚಾನ್ನೂ ಮೀರಿಸ್ಬುಟ್ಟೆ" ಎಂದರು. ಆಮೇಲೆ, "ರಿಸಲ್ಟ್ ಬಂತಾ?" "ಇನ್ನೂ ಇಲ್ಲ ದೊಡ್ಡಪ್ಪ" ಎಂದೆ. ಊರಿಂದ ಅವ್ವ ಕಳಿಸಿದ್ದ ಒಬ್ಬಟ್ಟು ಕೊಟ್ಟರು. ಅದು ಗಂಟಲಲ್ಲಿ ಇಳಿಯಲಿಲ್ಲ.

ಎರಡು ವಾರ ಹೀಗೇ ಕಳೆಯಿತು. ಒಂದು ಶನಿವಾರ ರಾತ್ರಿ ಊಟಕ್ಕೆ ಕೂತಾಗ ದೊಡ್ಡಪ್ಪ ಸಾರು ಕಲೆಸುತ್ತಾ, "ನಾಳೆ ಎಡಗಡೆ ಸಿಲ್ಗೆ ಜಾಕಿ ಕೊಟ್ಟು ಎತ್ತಾನ. ನಾನು ಕೆಳೀಕ್ಕೆ ಹೋಗಿ ಬ್ರೇಕ್ ಪೈಪ್ ನೋಡ್ತೀನಿ" ಎಂದರು.

ನನ್ನ ಕೈ ಅನ್ನದಲ್ಲೇ ನಿಂತಿತು. ಜಾಕಿ ಕೊಡುವುದು ಸಿಲ್ಲಿನ ಹಿಂದಿನ ತುದಿಯ ಹತ್ತಿರವೇ. ಅಲ್ಲಿರುವುದು ಪೇಪರು ಮತ್ತು ಪುಟ್ಟಿ. ಕೆಳಗೆ ಮಲಗುವವರು ಅರವತ್ತೆಂಟು ವರ್ಷದ ದೊಡ್ಡಪ್ಪ.

ಆ ರಾತ್ರಿ ನಿದ್ದೆ ಬರಲಿಲ್ಲ. ಹೇಳಿಬಿಡಬೇಕೆಂದು ಎರಡು ಸಲ ಎದ್ದು ಅವರ ಕೋಣೆಯ ಬಾಗಿಲವರೆಗೆ ಹೋಗಿ ಬಂದೆ. ಕೊನೆಗೆ ಹೊತ್ತು ಹೋಗಲಿ ಎಂದು ಅದೇ ಬಿಸಿನೆಸ್ ಲಾ ಪುಸ್ತಕ ತೆಗೆದೆ. ಗೈಡಲ್ಲ, 1872ರ ಕರಾರು ಕಾಯಿದೆಯ ಮೂಲ ಪಾಠವೇ ಇದ್ದ ಪುಸ್ತಕ. ನಿಧಾನವಾಗಿ ಒಂದೊಂದೇ ಪದ ಬಿಡಿಸಿ ಓದುತ್ತಾ ಹದಿನೇಳನೆಯ ಸೆಕ್ಷನ್ನಿಗೆ ಬಂದೆ. ವಂಚನೆ ಎಂದರೇನು ಎಂಬ ಸೆಕ್ಷನ್ನು ಅದು. ಅದರ ಕೆಳಗೆ ಉದಾಹರಣೆಗಳಿವೆ. ಒಬ್ಬ ಹರಾಜಿನಲ್ಲಿ ಕುದುರೆ ಮಾರುತ್ತಾನೆ. ಕುದುರೆಗೆ ಐಬಿದೆಯೆಂದು ಅವನಿಗೆ ಗೊತ್ತು, ಆದರೆ ಬಾಯಿ ಬಿಡುವುದಿಲ್ಲ. ಕಾನೂನಿನ ಪ್ರಕಾರ ಅದು ವಂಚನೆಯಲ್ಲ. ಸುಮ್ಮನಿದ್ದ ಮಾತ್ರಕ್ಕೆ ವಂಚನೆಯಾಗುವುದಿಲ್ಲ. ಮುಂದಿನ ಉದಾಹರಣೆ: ಕೊಳ್ಳುವವಳು ಅವನ ಮಗಳು, ಈಗಷ್ಟೇ ವಯಸ್ಸಿಗೆ ಬಂದವಳು. ಆಗ ಅವರಿಬ್ಬರ ಸಂಬಂಧದ ದೆಸೆಯಿಂದಲೇ ಐಬನ್ನು ಹೇಳುವುದು ಅವನ ಕರ್ತವ್ಯವಾಗುತ್ತದೆ.

ಪರೀಕ್ಷೆಗೆ ಮುಂಚೆ ಇದನ್ನೇ ಹತ್ತು ಸಲ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಆ ರಾತ್ರಿ. ಸಂತೆಯಲ್ಲಿ ಸುಮ್ಮನಿರುವುದು ಬೇರೆ, ಮನೆಯಲ್ಲಿ ಸುಮ್ಮನಿರುವುದು ಬೇರೆ. ಅಲ್ಲದೆ ನಾನು ಬರಿ ಸುಮ್ಮನಿದ್ದವನೂ ಅಲ್ಲ, ಪುಟ್ಟಿ ಬಳಿದವನು.

ಬೆಳಿಗ್ಗೆ ದೊಡ್ಡಪ್ಪ ಜಾಕಿ ತೆಗೆಯುವ ಹೊತ್ತಿಗೆ ನಾನು ಮೊಳೆಯಲ್ಲಿದ್ದ ಅಯಸ್ಕಾಂತ ತೆಗೆದು ಅವರ ಕೈಗೆ ಕೊಟ್ಟೆ. ಬಾಯಿಂದ ಮಾತು ಹೊರಡಲಿಲ್ಲ. ಅ ತುದಿಯನ್ನು ಬೆರಳು ಮಾಡಿ ತೋರಿಸಿದೆ. ಅವರು ಕೂತು ಅಯಸ್ಕಾಂತ ಇಟ್ಟರು. ಅದು ಕೆಳಗೆ ಬಿತ್ತು. ಇನ್ನೊಂದು ಸಲ ಇಟ್ಟರು. ಮತ್ತೆ ಬಿತ್ತು.

"ಇಲ್ಲೇ ಜಾಕಿ ಕೊಡ್ತಿದ್ದೆ ಕಣ್ಲಾ ನಾನು" ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಅವರ ಕೈ ಸ್ವಲ್ಪ ನಡುಗುತ್ತಿತ್ತು. ನಾನು ಒಂದೇ ಉಸಿರಿಗೆ ರಿಸಲ್ಟಿನ ವಿಷಯವನ್ನೂ ಹೇಳಿಬಿಟ್ಟೆ. ಚಾಚಾ ಬರಲೇ ಇಲ್ಲವೆಂಬುದನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಒಳಗೆ ಹೋಗಿ ನೀರು ಕುಡಿದು ಬಂದರು. ಉಳಿ, ಸುತ್ತಿಗೆ ತಂದು ನನ್ನ ಮುಂದೆ ಹಾಕಿದರು. "ಬಿಚ್ಚು" ಎಂದರು. ಪುಟ್ಟಿ ಒಡೆದಾಗ ಒಳಗಿಂದ ನಾನು ತುರುಕಿದ್ದ ಪೇಪರು ಬಂತು. ಎರಡೇ ವಾರಕ್ಕೆ ಅದಕ್ಕೆ ತುಕ್ಕಿನ ಕಲೆ ಹತ್ತಿತ್ತು. ಅದನ್ನು ಬಿಡಿಸಿ ನೋಡಿ ದೊಡ್ಡಪ್ಪ, "ನನ್ ಕನ್ನಡ ಪೇಪರೇ ಬೇಕಾಗಿತ್ತಾ ನಿನ್ಗೆ? ಇದಿನ್ನೂ ಓದಿರ್ನಿಲ್ಲ" ಎಂದರು. ಆಗ ನನಗೆ ಅಳು ಬಂತು.

ಅಪ್ಪನಿಗೆ ನಾನೇ ಫೋನು ಮಾಡಬೇಕೆಂದರು, ಮಾಡಿದೆ. ಅಪ್ಪ ಕೇಳಿದ್ದು ಒಂದೇ ಮಾತು: "ಮತ್ತೆ ಕಟ್ಟಾಕೆ ಫೀಜು ಎಷ್ಟಾಯ್ತದೆ?"

ಆ ಗೇಣುದ್ದ ಸಿಲ್ಲಿಗೆ ನನಗೆ ನಾಲ್ಕು ಭಾನುವಾರ ಹಿಡಿಯಿತು. ಹೊಳೆಯುವ ಕಬ್ಬಿಣ ಕಾಣುವವರೆಗೆ ಕೆರೆದೆ. ತೂತು ಮುಷ್ಟಿಯಿಂದ ಬೊಗಸೆಯಷ್ಟಾಯಿತು. ಚಾಚಾ ಬಂದು ತುಂಡು ಕೂರಿಸಿ ಬೆಸೆದರು. ಆಮೇಲೆ ಆಸಿಡ್, ಆಮೇಲೆ ರೆಡ್ ಆಕ್ಸೈಡ್. ಈ ರೆಡ್ ಆಕ್ಸೈಡಿನ ಕೆಂಪು ಬಣ್ಣವೂ ಕಬ್ಬಿಣದ ಆಕ್ಸೈಡೇ, ತುಕ್ಕಿನ ದಾಯಾದಿ. ನಮ್ಮ ಊರ ಮನೆಯ ಕೆಂಪು ನೆಲಕ್ಕೆ ಹಾಕುವುದೂ ಅದನ್ನೇ. ತುಕ್ಕನ್ನು ಮುಚ್ಚಿಡಲಲ್ಲ, ಹಸಿ ಕಬ್ಬಿಣವನ್ನು ಕಾಯಲು ಅದನ್ನು ಬಳಿಯುವುದು ಎಂದು ಚಾಚಾ ಮತ್ತೆ ಮತ್ತೆ ಹೇಳಿದರು, ನನ್ನ ಕಡೆ ನೋಡಿಕೊಂಡೇ.

ಬಿಸಿನೆಸ್ ಲಾವನ್ನೂ ಹಾಗೇ ಕೆರೆದೆ. ನನ್ನ ಹಾಗೆ ಕನ್ನಡ ಮಾಧ್ಯಮದಿಂದ ಬಂದವರಿಗೆ ಉಪಯೋಗವಾದೀತೆಂದು ಇದನ್ನು ಹೇಳುತ್ತೇನೆ. ಗೈಡು ಎತ್ತಿಟ್ಟೆ. ಒಂದೊಂದು ಸೆಕ್ಷನ್ನನ್ನೂ ಮೊದಲು ಕನ್ನಡದಲ್ಲಿ ನನ್ನ ಮಾತಿನಲ್ಲಿ ಬರೆದೆ. ಬರೆಯಲು ಆಗಲಿಲ್ಲವೆಂದರೆ ಅರ್ಥವಾಗಿಲ್ಲವೆಂದು ಲೆಕ್ಕ. ಕರಾರಿನಲ್ಲಿ 'ಕನ್ಸಿಡರೇಷನ್' ಎಂದರೆ ಪರಿಗಣನೆಯಲ್ಲ, ಪ್ರತಿಫಲ ಎಂದು ಗೊತ್ತಾದ ದಿನ ಒಂದು ಅಧ್ಯಾಯವೇ ತಿಳಿಯಾಯಿತು. ನೀನು ಕೊಡುವುದಕ್ಕೆ ಬದಲಾಗಿ ನಾನು ಏನು ಕೊಡುತ್ತೇನೆ ಎಂಬುದು ಸಂತೆಯಲ್ಲಿ ಬೆಳೆದ ನಮಗೆ ಗೊತ್ತಿಲ್ಲದ ವಿಷಯವೇ? ಆಮೇಲೆ ಅದನ್ನು ಇಂಗ್ಲಿಷಿನಲ್ಲಿ ಬರೆದೆ. ಇಂಗ್ಲಿಷು ತಪ್ಪು ತಪ್ಪಾಗಿಯೇ ಇತ್ತು, ಆದರೆ ಅದರ ಕೆಳಗೆ ಈ ಸಲ ತಗಡು ಇತ್ತು. ಕ್ಲಾಸಿನಲ್ಲಿ ಒಂದು ದಿನ ಕೈ ಎತ್ತಿ ಪ್ರಶ್ನೆ ಕೇಳಿದೆ. ಇಬ್ಬರು ನಕ್ಕರು. ಮೇಷ್ಟ್ರು ನಗಲಿಲ್ಲ, ಉತ್ತರ ಹೇಳಿದರು.

ಕಾರು ಇನ್ನೂ ಮುಗಿದಿಲ್ಲ. 2025ರ ಜುಲೈ ಒಂದರಿಂದ ಹಳೇ ಗಾಡಿಗಳಿಗೆ ದಿಲ್ಲಿಯ ಬಂಕುಗಳಲ್ಲಿ ಪೆಟ್ರೋಲು ಕೊಡಬಾರದೆಂದು ಆಜ್ಞೆಯಾಗಿ, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದಾಗ ದೊಡ್ಡಪ್ಪ ಒಂದು ವಾರ ಮಂಕಾಗಿದ್ದರು. ಆಮೇಲೆ ಮತ್ತೆ ಎಮರಿ ಪೇಪರು ಹಿಡಿದರು. ಈಗ ಬಾಡಿ ಪೂರ್ತಿ ಪ್ರೈಮರಿನಲ್ಲಿದೆ. ಬಣ್ಣ ಹೊಡೆಯಲು ಮಂಜು ಕಳೆಯಬೇಕು. ವಿಂಟೇಜ್ ಅರ್ಜಿ ಇನ್ನೂ ಹಾಕಿಲ್ಲ. ಖರ್ಚಿನ ಪುಸ್ತಕ ನಾನು ಬರೆಯುತ್ತೇನೆ: ಶೀಟು, ಗ್ಯಾಸು, ಚಾಚಾನ ಕೂಲಿ, ಕಶ್ಮೀರಿ ಗೇಟಿನಿಂದ ತಂದ ರಬ್ಬರು, ಹಳೇ ಬೆಲ್ಲ ಎಲ್ಲ ಸೇರಿ ಇವತ್ತಿನವರೆಗೆ 58,340 ರೂಪಾಯಿ. ಇದನ್ನು ಬಂಡವಾಳ ವೆಚ್ಚವೆನ್ನಬೇಕೋ ಕಂದಾಯ ವೆಚ್ಚವೆನ್ನಬೇಕೋ ಎಂದು ದೊಡ್ಡವ್ವನನ್ನು ಕೇಳಿದರೆ "ದಂಡ ಅಂತ ಬರ್ಕೋ" ಎನ್ನುತ್ತಾರೆ. ಆದರೂ ಮೊನ್ನೆ ಬಾಗಿಲು ಕೂರಿಸಿದ ದಿನ, ಯಾರೂ ಇಲ್ಲದಾಗ ಅವರು ಬಂದು ಅದನ್ನೊಮ್ಮೆ ತೆಗೆದು ಹಾಕಿ ನೋಡಿದ್ದನ್ನು ನಾನು ಅಡುಗೆಮನೆಯ ಕಿಟಕಿಯಿಂದ ಕಂಡೆ. ಬಾಗಿಲು ಸರಿಯಾಗಿ ಮುಚ್ಚಿಕೊಂಡಿತು.

ಡಿಸೆಂಬರಿನಲ್ಲಿ ಬಿಸಿನೆಸ್ ಲಾ ಮತ್ತೆ ಬರೆದಿದ್ದೇನೆ. ರಿಸಲ್ಟು ಇನ್ನೂ ಬಂದಿಲ್ಲ. ಈ ಸಲ ನಿಜವಾಗಿಯೂ ಬಂದಿಲ್ಲ.